ಮಾವಳ್ಳಿ ಮನೆಯ ಕೇಸು ಹುಡುಕಿದ್ದು

ರೆಕಾರ್ಡ್ ರೂಮಿಗೆ ಹಾಕಿದರೆಂದು ಮುಖ ಸಪ್ಪೆ ಮಾಡಿಕೊಂಡು ಓಡಾಡುವ ಹೊಸ ಗುಮಾಸ್ತರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಹೋದ ವಾರ ಚಾಮರಾಜಪೇಟೆಯ ನಮ್ಮ ಮನೆಗೆ ಒಬ್ಬಳು ಹುಡುಗಿ ಬಂದಿದ್ದಳು, ನನ್ನ ತಂಗಿಯ ಮಗಳ ಗೆಳತಿ. ಸಿವಿಲ್ ಕೋರ್ಟಿನಲ್ಲಿ ಕೆಲಸ ಸಿಕ್ಕಿದೆ, ಕೈಯಲ್ಲಿ ಮೈಸೂರುಪಾಕಿನ ಡಬ್ಬಿ ಇದೆ, ಕಣ್ಣಲ್ಲಿ ಮಾತ್ರ ನೀರು. "ಆಂಟಿ, ನನ್ನ ಜೊತೆ ಸೇರಿದೋರಿಗೆಲ್ಲ ಕೋರ್ಟ್ ಹಾಲ್ ಕೊಟ್ಟಿದಾರೆ. ನನ್ನೊಬ್ಬಳನ್ನ ರೆಕಾರ್ಡ್ ರೂಮಿಗೆ ಹಾಕ್ಬಿಟ್ರು" ಅಂದಳು. "ಅಯ್ಯೋ ಪುಣ್ಯವಂತೆ!" ಅಂತ ನಾನು ಕೂಗಿದ ಕೂಗಿಗೆ ಅವಳ ಕೈಯಿಂದ ಡಬ್ಬಿ ಜಾರಿತು. ಮೈಸೂರುಪಾಕು ಪುಡಿಯಾಯಿತು. ಪುಡಿಯನ್ನೇ ತಿನ್ನುತ್ತಾ ಅವಳಿಗೆ ಹೇಳಿದ್ದನ್ನು, ಹೇಳಲು ಮರೆತದ್ದನ್ನೂ ಸೇರಿಸಿ, ಇಲ್ಲಿ ಬರೆಯುತ್ತಿದ್ದೇನೆ.

ಕೋರ್ಟ್ ಹಾಲಿನಲ್ಲಿ ಏನಿದೆ ಹೇಳಿ? ಕರೆಯುವುದು, ಮುಂದೂಡುವುದು, ಮತ್ತೆ ಕರೆಯುವುದು. ಒಂದು ಕೇಸಿನ ಆರಂಭ ನೋಡಿದ ಗುಮಾಸ್ತ ಅದರ ಕೊನೆ ನೋಡುವ ಹೊತ್ತಿಗೆ ವರ್ಗವಾಗಿರುತ್ತಾನೆ. ನಮ್ಮ ಕೋಣೆಯಲ್ಲಿ ಹಾಗಲ್ಲ, ಅಲ್ಲಿರುವ ಪ್ರತಿಯೊಂದು ಕೇಸೂ ಮುಗಿದಿದೆ. ಯಾರು ಗೆದ್ದರು, ಯಾರು ಸೋತರು, ಯಾಕೆ ಅನ್ನುವುದೆಲ್ಲ ಬಟ್ಟೆಯಲ್ಲಿ ಸುತ್ತಿ, ದಾರ ಕಟ್ಟಿ, ಅಟ್ಟದವರೆಗೆ ಪೇರಿಸಿಟ್ಟಿದೆ. ಕಥೆ ಓದುವ ಚಟವಿದ್ದವಳಿಗೆ ಸಂಬಳ ಕೊಟ್ಟು ಅಲ್ಲಿ ಕೂರಿಸಿದರೆ ಇನ್ನೇನು ಬೇಕು! ಧೂಳಿಗೆ ಸೀನು ಬರುತ್ತದೆ, ನಿಜ. ನಾನು ಸರ್ವಿಸ್ ಪೂರ್ತಿ ಸೀನಿದ್ದೇನೆ, ಏನೂ ಆಗಿಲ್ಲ.

ಕೆಲಸ ಹೇಳುವುದಕ್ಕೆ ಸುಲಭ. ಹಳೆಯ ತೀರ್ಪಿನ ನಕಲು ಬೇಕಾದವರು ಕೌಂಟರಿಗೆ ಬಂದು ಕಾಪಿ ಅರ್ಜಿ ಕೊಡುತ್ತಾರೆ. ಕೇಸಿನ ನಂಬರು, ವರ್ಷ, ವಾದಿ ಯಾರು, ಪ್ರತಿವಾದಿ ಯಾರು ಎಂದು ಬರೆದು, ಕೋರ್ಟ್ ಫೀ ಕಟ್ಟಿ, ಸಹಿ ಹಾಕುತ್ತಾರೆ. ನಾವು ಕಟ್ಟು ಹುಡುಕಿ ತೆಗೆಯುತ್ತೇವೆ. ನಕಲು ಮಾಡಿ, ಮೂಲದ ಜೊತೆ ಹೋಲಿಸಿ, ಮೊಹರು ಒತ್ತಿ ಕೊಡುತ್ತೇವೆ. ನಂಬರು, ವರ್ಷ ಎರಡೂ ಗೊತ್ತಿದ್ದರೆ ಇದರಲ್ಲಿ ಮಜಾ ಏನೂ ಇಲ್ಲ. ಎರಡೂ ಗೊತ್ತಿಲ್ಲದೆ, "ನಮ್ಮ ತಾತನ ಕಾಲದಲ್ಲಿ ಒಂದು ಕೇಸಿತ್ತಂತೆ" ಅಂತ ಬರುತ್ತಾರಲ್ಲ, ಅವರು ಬಂದರೆ ನಾನು ಸೆರಗು ಸಿಕ್ಕಿಸಿಕೊಂಡು ಎದ್ದು ನಿಲ್ಲುತ್ತಿದ್ದೆ.

ಈ ಹುಚ್ಚು ಹಿಡಿಸಿದವರು ನಮ್ಮ ಶಿರಸ್ತೇದಾರರು, ನರಸಿಂಗರಾಯರು. ಕಚೇರಿಯ ಮೇಲ್ವಿಚಾರಣೆಯೆಲ್ಲ ಅವರದು. ಕೋಪ ಮೂಗಿನ ತುದಿಯಲ್ಲಿ. ನಾನು ಸೇರಿದ ಹೊಸದರಲ್ಲಿ ಒಂದು ಅರ್ಜಿಯ ಮೇಲೆ "ದಾಖಲೆ ಇಲ್ಲ" ಎಂದು ಷರಾ ಬರೆದು ಸಹಿಗೆ ಇಟ್ಟೆ. ಕನ್ನಡಕದ ಮೇಲಿಂದ ನೋಡಿದರು.

"ಏನಮ್ಮಾ ವಿಮಲಾ, ಇಡೀ ಕೋಣೆ ನೋಡಿದ್ಯಾ?"

"ಇಲ್ಲ ಸಾರ್, ಆ ವರ್ಷದ ಸಾಲು ನೋಡ್ದೆ."

"ಹಾಗಾದ್ರೆ ನಿಂಗೆ ಸಿಗಲಿಲ್ಲ ಅಂತ ಬರಿ. ಇಲ್ಲ ಅನ್ನೋಕೆ ನೀನ್ಯಾರು?"

ಅವಮಾನವಾಯಿತು. ಆದರೆ ಮತ್ತೆ ಹುಡುಕಿದೆ, ಸಿಕ್ಕಿತು. ಪಕ್ಕದ ವರ್ಷದ ಸಾಲಿನಲ್ಲಿ ಬೆಚ್ಚಗೆ ಕೂತಿತ್ತು.

ರಾಯರು ಹುಡುಕುವ ರೀತಿಯೇ ಬೇರೆ. ಒಮ್ಮೆ ಮಲ್ಲೇಶ್ವರದ ಒಬ್ಬ ಮೇಷ್ಟ್ರಮ್ಮ ಬಂದರು. ಅವರ ತಂದೆ ನಡೆಸಿದ ಕೇಸಿನ ತೀರ್ಪು ಬೇಕು, ನಂಬರು ಗೊತ್ತಿಲ್ಲ, ವರ್ಷವೂ ನೆನಪಿಲ್ಲ. ಸೂಚಿಯಲ್ಲಿ ನೋಡಿದರೆ ಅವರ ತಂದೆಯ ಹೆಸರಿನವರು ಸಾಲುಸಾಲಾಗಿ ಇದ್ದಾರೆ. ರಾಯರು ರಿಜಿಸ್ಟರು ಮುಚ್ಚಿ ಪಕ್ಕಕ್ಕಿಟ್ಟು, ನೆಂಟರ ಮನೆಯಲ್ಲಿ ಕೂತವರ ಹಾಗೆ ಕೇಳಿದರು, "ಕೇಸು ಮುಗಿದ ವರ್ಷ ನಿಮ್ಮ ಮನೇಲಿ ಏನಾದ್ರೂ ಶುಭಕಾರ್ಯ ಆಯ್ತಾ?"

"ನಮ್ಮಕ್ಕನ ಮದುವೆ! ಅಪ್ಪ ಛತ್ರದಿಂದ ಹಾಗೇ ಕೋರ್ಟಿಗೆ ಹೋಗಿ ಬಂದ್ರು, ರೇಷ್ಮೆ ಪಂಚೇಲೇ. ನಮ್ಮಜ್ಜಿ ಬೈದಿದ್ದೇ ಬೈದಿದ್ದು."

"ಸರಿ, ಅಕ್ಕನ ದೊಡ್ಡ ಮಗು ಈಗ ಏನು ಓದ್ತಿದೆ?"

ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ ವರ್ಷ ಹಿಡಿದರು, ಲಗ್ನದ ತಿಂಗಳು ಹಿಡಿದರು, ಆ ತಿಂಗಳು ಇತ್ಯರ್ಥವಾದ ಕೇಸುಗಳಲ್ಲಿ ಬೆರಳಾಡಿಸಿದರು. "ಇಗೋ, ಬಂದ್ರು ನೋಡಿ ನಿಮ್ಮ ತಂದೆ!" ಅಂದರು. ಮೇಷ್ಟ್ರಮ್ಮ ಕಣ್ಣೊರೆಸಿಕೊಂಡರು. ರಾಯರು ಆವತ್ತೆಲ್ಲ ಯಾರ ಮೇಲೂ ರೇಗಲಿಲ್ಲ, ಮಧ್ಯಾಹ್ನ ನಮಗೆಲ್ಲ ಅವರ ಖರ್ಚಿನಲ್ಲೇ ಕಾಫಿ ಆಯಿತು. ಜನಕ್ಕೆ ಇಸವಿ ನೆನಪಿರುವುದಿಲ್ಲ. ಮದುವೆ, ಬಾಣಂತನ, ಸಾವು ನೆನಪಿರುತ್ತವೆ. ಇದನ್ನು ಹೊಸಬರು ಮನಸ್ಸಿಗೆ ಹಾಕಿಕೊಳ್ಳಬೇಕು.

ಇನ್ನೊಂದು ಪಾಠ ನನ್ನ ಎಡವಟ್ಟಿನಿಂದಲೇ ಆಯಿತು. ಬಸವನಗುಡಿಯ ಅಣ್ಣತಮ್ಮಂದಿರ ಕೇಸೊಂದರ ಕಟ್ಟು ಬಿಚ್ಚಿದರೆ ಎಲ್ಲ ಇದೆ, ತೀರ್ಪೇ ಇಲ್ಲ. ಯಾರೋ ಕದ್ದಿದ್ದಾರೆ ಅಂತ ನಾನು ಊರೆಲ್ಲ ಎಬ್ಬಿಸಿದೆ. ಅಟೆಂಡರನ್ನು ಅನುಮಾನಿಸಿದೆ, ಹಿಂದಿನ ಗುಮಾಸ್ತನನ್ನು ಅನುಮಾನಿಸಿದೆ, ಇಲಿಗಳನ್ನೂ ಬಿಡಲಿಲ್ಲ. ರಾಯರು ಬಂದು ನೋಡಿ ತಲೆ ಚಚ್ಚಿಕೊಂಡರು. ಅಣ್ಣ ತಮ್ಮನ ಮೇಲೆ ಒಂದು ಕೇಸು ಹಾಕಿದ್ದ, ತಮ್ಮ ಅಣ್ಣನ ಮೇಲೆ ಇನ್ನೊಂದು. ಎರಡಕ್ಕೂ ಸೇರಿಸಿ ಒಂದೇ ತೀರ್ಪು, ಅದು ಇರುವುದು ಅಣ್ಣನ ಕಟ್ಟಿನಲ್ಲಿ. ನಾನು ತಮ್ಮನ ಕಟ್ಟು ಹಿಡಿದು ಕುಣಿಯುತ್ತಿದ್ದೆ. ಅಟೆಂಡರ್ ರುದ್ರಯ್ಯ ತಿಂಗಳುಗಟ್ಟಲೆ ನನ್ನನ್ನು ಕಂಡಾಗಲೆಲ್ಲ "ಮೇಡಂ, ಇಲಿ ಸಿಕ್ತಾ?" ಅಂತ ಕೇಳುತ್ತಿದ್ದ.

ಹಳೆಯ ಕಾಲವೇ ಚೆನ್ನಾಗಿತ್ತು ಅನ್ನುವವಳಲ್ಲ ನಾನು. ಸೇರಿದಾಗ ಟೈಪ್‌ರೈಟರಿನಲ್ಲಿ ಕಾರ್ಬನ್ ಇಟ್ಟು ನಕಲು ಮಾಡುತ್ತಿದ್ದೆವು, ಒಂದು ಸಾಲು ಬಿಟ್ಟುಹೋದರೆ ಪುಟವೇ ಹಾಳು. ಆಮೇಲೆ ಜೆರಾಕ್ಸ್ ಬಂತು, ಎಷ್ಟು ಕುಣಿದೆವು! ಆಮೇಲೆ ಕಂಪ್ಯೂಟರ್ ಬಂತು. ಈಗ ಕೇಸಿನ ಸ್ಥಿತಿಗತಿ ಮೊಬೈಲಿನಲ್ಲೇ ಸಿಗುತ್ತದೆ, ಮತ್ತಿಕೆರೆಯ ರೂಮಿನಲ್ಲಿ ಕೂತ ಲಾ ಸ್ಟೂಡೆಂಟು ಹಾಸಿಗೆ ಬಿಟ್ಟು ಏಳದೆ ತೀರ್ಪು ಓದುತ್ತಾನೆ. ನನಗೆ ಇದೆಲ್ಲ ಬಹಳ ಇಷ್ಟ. ಒಂದೇ ಒಂದು ತಕರಾರು. ಹೆಸರು ಹೊಡೆದಾಗ ಪರದೆಯ ಮೇಲೆ ಏನೂ ಬರದಿದ್ದರೆ ಹುಡುಗರು "ಇಲ್ಲ" ಅಂದುಬಿಡುತ್ತಾರೆ. ಕಂಪ್ಯೂಟರಿಗೆ ಗೊತ್ತಿರುವುದು ಅದಕ್ಕೆ ನಾವು ಹೇಳಿದ್ದಷ್ಟೇ ಅನ್ನುವುದನ್ನು ಮರೆಯುತ್ತಾರೆ.

ಈಗ ಮಾವಳ್ಳಿ ಮನೆಯ ಕೇಸಿಗೆ ಬರುತ್ತೇನೆ. ನಿವೃತ್ತಿಗೆ ಇನ್ನೇನು ಸ್ವಲ್ಪ ದಿನವಿತ್ತು. ಒಂದು ಬೆಳಿಗ್ಗೆ ಕೌಂಟರಿನ ಮುಂದೆ ಗೋವಿಂದಪ್ಪ ನಿಂತಿದ್ದರು. ನಮ್ಮ ಬೀದಿಯ ತುದಿಯಲ್ಲಿ ಅವರ ತರಕಾರಿ ಅಂಗಡಿ, ನನಗೆ ಕೊತ್ತಂಬರಿ ಸೊಪ್ಪು ಕೊಸರು ಹಾಕದೆ ಕಳಿಸಿದವರಲ್ಲ. ಅರವತ್ತು ದಾಟಿದ ಆಳು, ಬಿಳಿ ಮೀಸೆ, ಮಾತು ಜೋರು. ಆವತ್ತು ಆ ಜೋರು ಇರಲಿಲ್ಲ.

"ಮೇಡಂ, ಮನೆ ಹೋಗ್ತಾ ಇದೆ" ಅಂದರು.

ಅವರ ಮನೆ ಮಾವಳ್ಳಿಯಲ್ಲಿ, ತಾತ ಕಟ್ಟಿಸಿದ್ದು. ತಾಯಿ ಗಂಗಮ್ಮ, ಹೆಂಡತಿ, ಮಕ್ಕಳು, ಮೊಮ್ಮಕ್ಕಳು ಎಲ್ಲ ಅದರಲ್ಲೇ. ಒಬ್ಬ ಬಿಲ್ಡರ್ ಈಗ ಅದು ತನ್ನದು ಅಂತ ಕೇಸು ಹಾಕಿದ್ದ. ಗೋವಿಂದಪ್ಪನ ತಂದೆ ಮುನಿಯಪ್ಪ ಬಹಳ ಹಿಂದೆ ಆ ಮನೆಯನ್ನು ಒಬ್ಬ ಸಾಹುಕಾರನಿಗೆ ಮಾರಿದ್ದರಂತೆ. ಆ ಸಾಹುಕಾರನ ಮೊಮ್ಮಕ್ಕಳಿಂದ ಬಿಲ್ಡರ್ ಕೊಂಡನಂತೆ. ಗೋವಿಂದಪ್ಪನ ಮನೆಯವರು ಇಷ್ಟು ವರ್ಷ ಸುಮ್ಮನೆ ವಾಸಕ್ಕಿದ್ದವರಂತೆ.

"ಎಲ್ಲಾ ಸುಳ್ಳು ಮೇಡಂ. ಆ ಸಾಹುಕಾರ ಆಗ್ಲೇ ಸುಳ್ಳು ಪತ್ರ ಸೃಷ್ಟಿ ಮಾಡಿದ್ದ. ನಮ್ಮಪ್ಪ ಸುಮ್ನಿದ್ರಾ? ಕೋರ್ಟಿಗೆ ಎಳೆದು ಕೇಸ್ ಗೆದ್ರು. ನಾನು ಚಿಕ್ಕೋನಿದ್ದಾಗಿಂದ ನಮ್ಮಮ್ಮ ಹೇಳ್ತಾ ಬಂದಿದಾರೆ. ಆ ತೀರ್ಪು ಒಂದು ಸಿಕ್ಬಿಟ್ರೆ ಸಾಕು ಅಂತಾರೆ ನಮ್ಮ ಲಾಯರಮ್ಮ."

"ನಂಬರ್ರು?"

"ಗೊತ್ತಿಲ್ಲ."

"ವರ್ಷ?"

"ಗೊತ್ತಿಲ್ಲ. ನಾನಿನ್ನೂ ಮಗು."

"ಅಮ್ಮನ್ನ ಕೇಳಿ."

"ಕೇಳ್ದೆ. ‘ನಂಗೇನೂ ನೆನಪಿಲ್ಲ ಕಣೋ’ ಅಂತ ಮುಖ ತಿರುಗಿಸ್ಕೊಂಡ್ಬಿಡ್ತಾರೆ. ವಯಸ್ಸಾಯ್ತಲ್ಲ."

ಮುಂದಿನ ವಾಯಿದೆಗೆ ಹೆಚ್ಚು ದಿನವಿರಲಿಲ್ಲ. ಅಷ್ಟರೊಳಗೆ ತೀರ್ಪು ತಂದು ಹಾಜರುಪಡಿಸದಿದ್ದರೆ ಕೈಯಲ್ಲಿ ಹಿಡಿದು ತೋರಿಸಲು ಅವರಿಗೆ ಬೇರೇನೂ ಇರಲಿಲ್ಲ. ಬಿಲ್ಡರ್ ಬಳಿ ನೋಂದಣಿಯಾದ ಕ್ರಯಪತ್ರವಿತ್ತು, ಇವರ ಬಳಿ ಅಮ್ಮ ಹೇಳಿದ ಕಥೆಯಿತ್ತು.

ನಾನು ಸೆರಗು ಸಿಕ್ಕಿಸಿದೆ. ಹಳೆಯ ಕೇಸುಗಳಿಗೆ ಇದ್ದದ್ದು ಕೈಬರಹದ ಸೂಚಿ, ಅದರಲ್ಲಿ ಒಂದನೇ ವಾದಿಯ ಹೆಸರು ಮಾತ್ರ. ಅಂದರೆ ಕೇಸು ಹಾಕಿದವರ ಹೆಸರಿನಿಂದ ಹುಡುಕಬಹುದು, ಹಾಕಿಸಿಕೊಂಡವರ ಹೆಸರಿನಿಂದ ಆಗದು. ಮುನಿಯಪ್ಪ ಎಂಬ ಹೆಸರಿಗೆ ಹುಡುಕಿದೆ. ದೇವರೇ, ಈ ಊರಿನಲ್ಲಿ ಎಷ್ಟು ಜನ ಮುನಿಯಪ್ಪಂದಿರು! ಉಪ್ಪಾರಪೇಟೆಯ ಮುನಿಯಪ್ಪ ಬಾಡಿಗೆದಾರನನ್ನು ಬಿಡಿಸಲು ಕೇಸು ಹಾಕಿದ್ದ, ಇನ್ನೊಬ್ಬ ಮುನಿಯಪ್ಪ ಭಾವಮೈದುನನ ಮೇಲೆ ಹಸುವಿಗಾಗಿ ಕೇಸು ಹಾಕಿದ್ದ. ಹಸುವಿನ ತೀರ್ಪನ್ನು ಪೂರ್ತಿ ಓದಿದೆ, ತಡೆಯಲಾಗಲಿಲ್ಲ. ಹಸು ಭಾವಮೈದುನನಿಗೇ ಹೋಯಿತು. ಮಾವಳ್ಳಿಯ ಮುನಿಯಪ್ಪ ಮಾತ್ರ ಎಲ್ಲೂ ಇಲ್ಲ. ರುದ್ರಯ್ಯನೂ ನಾನೂ ಏಣಿ ಹತ್ತಿ ಇಳಿದು ಸುಸ್ತಾದೆವು. ಸಂಜೆ ಗೋವಿಂದಪ್ಪನ ಅಂಗಡಿಯ ಮುಂದೆ ಹಾದು ಹೋಗುವಾಗ ಅವರು ತಕ್ಕಡಿ ಹಿಡಿದುಕೊಂಡೇ ಕಣ್ಣಿನಲ್ಲಿ ಕೇಳುತ್ತಿದ್ದರು, ನಾನು ಇಲ್ಲವೆಂದು ತಲೆಯಾಡಿಸಿ ಮುಂದೆ ಹೋಗುತ್ತಿದ್ದೆ. ಆ ದಿನಗಳಲ್ಲಿ ನನಗೆ ಊಟ ಸೇರುತ್ತಿರಲಿಲ್ಲ.

ಒಂದು ಸಂಜೆ, "ಬಿಲ್ಡರ್ ಕಡೆಯವರು ಕೊಟ್ಟಿರೋ ಕ್ರಯಪತ್ರದ ಜೆರಾಕ್ಸ್ ಇದ್ಯಾ?" ಅಂತ ಕೇಳಿದೆ. ಅಂಗಡಿಯಲ್ಲೇ ಇತ್ತು, ಗಲ್ಲಾಪೆಟ್ಟಿಗೆಯ ಕೆಳಗೆ. ಟೊಮ್ಯಾಟೊ ಕ್ರೇಟೊಂದನ್ನು ಬೋರಲು ಹಾಕಿಕೊಂಡು ಕೂತು ಓದಿದೆ. ಮಾರಿದವರು ಮುನಿಯಪ್ಪ, ಸಹಿಯೂ ಅವರದೇ. ಸಾಕ್ಷಿ ಹಾಕಿದವರು ಅಕ್ಕಪಕ್ಕದ ಮನೆಯವರು. ಅವರ ಹೆಸರುಗಳನ್ನು ಗೋವಿಂದಪ್ಪನೇ ಗುರುತಿಸಿದರು, ಆಗಿನ ಕಾಲದ ಒಳ್ಳೆಯ ಜನ. ಸುಳ್ಳು ಪತ್ರಕ್ಕೆ ಅಂಥವರು ಸಾಕ್ಷಿ ಹಾಕುತ್ತಾರಾ?

ಹಾಗಾದರೆ ಪತ್ರ ನಿಜ. ಪತ್ರ ನಿಜವಾದರೆ, ಮಾರಿದವನೇ ಹೋಗಿ ಮಾರಾಟ ಸರಿಯಿಲ್ಲ ಅಂತ ಕೇಸು ಹಾಕಿ ಗೆಲ್ಲುತ್ತಾನಾ? ಸಾಧ್ಯವೇ ಇಲ್ಲ! ಮತ್ತೆ ಯಾರು ಹಾಕಬಹುದು? ಆಗಿನ ಕಾನೂನಿನಲ್ಲಿ ಪಿತ್ರಾರ್ಜಿತ ಮನೆಯಲ್ಲಿ ಗಂಡುಮಗುವಿಗೆ ಹುಟ್ಟಿದ ಗಳಿಗೆಯಿಂದ ಪಾಲು. ಸಂಸಾರದ ಕಷ್ಟಕ್ಕೆ ಅಪ್ಪ ಮಾರಿದರೆ ಮಗನೂ ಬದ್ಧ. ಕುಡಿತ, ಜೂಜು ಅಂತ ಮಾರಿದರೆ ಮಗ ಬದ್ಧನಲ್ಲ, ತನ್ನ ಮನೆ ತನಗೆ ಉಳಿಸಿಕೊಡಿ ಅಂತ ಕೋರ್ಟಿಗೆ ಹೋಗಬಹುದು. ಮಗ ಎಳೆಯ ಕೂಸಾದರೆ? ಕೂಸಿನ ಹೆಸರಿನಲ್ಲಿ ತಾಯಿ ಹೋಗಬಹುದು!

ಇಂಥ ಕೇಸುಗಳನ್ನು ಎಷ್ಟು ನೋಡಿಲ್ಲ ನಾನು? ಆದರೂ ಹುಡುಕುವಾಗ ದೊಡ್ಡವರ ಹೆಸರನ್ನೇ ಹುಡುಕಿದ್ದೆ. ಕೇಸು ಹಾಕಿದವರು ಅಂದರೆ ಮೀಸೆ ಇರುವ ಗಂಡಸು ಅಂತ ತಲೆಯಲ್ಲಿ ಕೂತುಬಿಟ್ಟಿತ್ತು. ಕ್ರೇಟಿನಿಂದ ಎದ್ದು ನಿಂತವಳು, ಬೀನ್ಸ್ ಆರಿಸುತ್ತಿದ್ದ ಗಿರಾಕಿಗಳ ಎದುರೇ ಕೂಗಿಬಿಟ್ಟೆ.

"ಗೋವಿಂದಪ್ಪನವರೇ! ಈ ಮನೆ ನಿಮ್ಮಪ್ಪ ನಿಜವಾಗ್ಲೂ ಮಾರಿದಾರೆ! ಕೇಸು ಹಾಕಿರೋದು ನೀವು, ನಿಮ್ಮಪ್ಪನ ಮೇಲೆ!"

ಗೋವಿಂದಪ್ಪ ತಕ್ಕಡಿ ಕೆಳಗಿಟ್ಟರು.

"ಏನ್ ಮಾತಾಡ್ತಿದೀರ ಮೇಡಂ? ನಮ್ಮಪ್ಪ ದೇವರಂಥ ಮನುಷ್ಯ. ಮನೆ ಮಾರೋರಾ ಅವರು? ನಾನು ಅವರ ಮೇಲೆ ಕೇಸ್ ಹಾಕೋದಾ? ನೀವು ಹುಡುಕೋದು ಬೇಡ, ಹೋಗಿ."

ಕೊಸರು ಕೊತ್ತಂಬರಿ ಇಲ್ಲದೆ ಆವತ್ತು ಮನೆಗೆ ಬಂದೆ. ನಾಲಗೆ ಕಚ್ಚಿಕೊಂಡರೂ ಖುಷಿ ಒಳಗೊಳಗೇ ಉಕ್ಕುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಕೋಣೆಗೆ ಹೋಗಿ ಸೂಚಿಯಲ್ಲಿ ಗೋವಿಂದ ಎಂಬ ಹೆಸರು ತೆಗೆದೆ. ಕ್ರಯಪತ್ರದ ವರ್ಷದಿಂದ ಕೆಳಗೆ ಬೆರಳು ಇಳಿಸುತ್ತಾ ಬಂದೆ. ಎರಡನೇ ಪುಟ ತಿರುಗಿಸುತ್ತಲೇ ಸಿಕ್ಕಿತು. ಗೋವಿಂದ, ಅಪ್ರಾಪ್ತ ವಯಸ್ಕ, ತಾಯಿ ಗಂಗಮ್ಮನ ಮೂಲಕ, ಮಾವಳ್ಳಿ. "ರುದ್ರಯ್ಯಾ! ಮಗು ಸಿಕ್ತು ಕಣಯ್ಯಾ!" ಅಂತ ನಾನು ಕಿರುಚಿದ್ದು ಕೇಳಿ, ಹೊರಗೆ ಕಾಯುತ್ತಿದ್ದ ಕಕ್ಷಿದಾರರು ಯಾರದೋ ಕಳೆದುಹೋದ ಕೂಸು ಸಿಕ್ಕಿತೆಂದು ಒಳಗೆ ಇಣುಕಿದರು. ಏಣಿ ನಾನೇ ಹತ್ತಿದೆ. ಕಟ್ಟಿನಲ್ಲಿ ಬೇರೆ ಕಾಗದಗಳೆಲ್ಲ ನಿಯಮದಂತೆ ಎಂದೋ ನಾಶವಾಗಿದ್ದವು. ಶಾಶ್ವತವಾಗಿ ಉಳಿಸಬೇಕಾದ ತೀರ್ಪು, ಡಿಕ್ರಿ ಎರಡೂ ಭದ್ರವಾಗಿದ್ದವು. ಒಂದನೇ ಪ್ರತಿವಾದಿ ಮುನಿಯಪ್ಪ, ಎರಡನೇ ಪ್ರತಿವಾದಿ ಆ ಸಾಹುಕಾರ. ಕ್ರಯಪತ್ರ ಮಗುವನ್ನು ಬಂಧಿಸುವುದಿಲ್ಲ, ಮನೆ ಮಗುವಿಗೇ ಉಳಿಯಬೇಕು ಅಂತ ಕೊನೆಯ ಸಾಲು. ಏಣಿಯ ಮೇಲೆ ನಿಂತೇ ಓದಿ, ಅಲ್ಲೇ ಎರಡು ಸಲ ಸೀನಿದೆ.

ಆದರೆ ನಕಲು ಕೊಡುವುದು ಹೇಗೆ? ಅರ್ಜಿ ಬೇಕಲ್ಲ. ಗೋವಿಂದಪ್ಪನೇ ಬರೆದುಕೊಡಬೇಕು, ಇಲ್ಲ ಅವರ ಪರವಾಗಿ ಲಾಯರು. ಅಂಗಡಿಗೆ ಹೋಗಿ ತಗ್ಗಿದ ದನಿಯಲ್ಲೇ ವಿಷಯ ಹೇಳಿದೆ, ಖಾಲಿ ಅರ್ಜಿಯನ್ನೂ ಕೊಟ್ಟೆ. ಅವರು ಅದನ್ನು ಓದಿದರು. ವಾದಿ ಅನ್ನುವ ಜಾಗ, ವಿರುದ್ಧ ಅನ್ನುವ ಪದ, ಪ್ರತಿವಾದಿ ಅನ್ನುವ ಜಾಗ.

"ಇಲ್ಲಿ ನನ್ನ ಹೆಸರು, ಇಲ್ಲಿ ಅಪ್ಪನ ಹೆಸರು. ಮಧ್ಯೆ ವಿರುದ್ಧ ಅಂತ. ನಾನೇ ಬರೆದು ಸಹಿ ಹಾಕ್ಬೇಕಾ?"

"ಹೌದು. ನೀವು ಹಾಕ್ದಿದ್ರೆ ಲಾಯರಮ್ಮ ಹಾಕ್ತಾರೆ."

"ಲಾಯರಮ್ಮನಿಗೂ ಬೇಡ ಅಂದಿದೀನಿ. ಅಪ್ಪನ್ನ ಕಟಕಟೇಲಿ ನಿಲ್ಸಿ ಉಳಿಸ್ಕೊಳ್ಳೋ ಮನೆ ನಂಗೆ ಬೇಕಾಗಿಲ್ಲ."

ನನಗೆ ರೇಗಿತು. ಅಷ್ಟು ಜನ ಬೀದಿಗೆ ಬೀಳುತ್ತಾರೆ, ಇವರಿಗೆ ಪಿತೃಭಕ್ತಿ! ಬಾಯಿ ಬಿಟ್ಟು ಬೈಯೋಣ ಅನಿಸಿತು, ಆದರೆ ಅವರ ಮುಖ ನೋಡಿ ಸುಮ್ಮನಾದೆ. ತಂದೆ ತೀರಿಕೊಂಡಾಗ ಅವರು ಇನ್ನೂ ಹೈಸ್ಕೂಲಿನಲ್ಲಿದ್ದರಂತೆ. ಅಪ್ಪನ ಬಗ್ಗೆ ಅವರಿಗೆ ಉಳಿದಿದ್ದೇ ಆ ಗೆದ್ದ ಕೇಸಿನ ಕಥೆ. ಅದನ್ನು ನಾನು ಬೀನ್ಸ್ ಗಿರಾಕಿಗಳ ಎದುರು ಒಡೆದುಹಾಕಿದ್ದೆ. ವಾಯಿದೆ ಹತ್ತಿರವಾಗುತ್ತಲೇ ಇತ್ತು. ಕಟ್ಟನ್ನು ನಾನು ಒಳಗೆ ಇಡದೆ ಮೇಜಿನ ಮೇಲೇ ಇಟ್ಟುಕೊಂಡು, ಕೌಂಟರಿನ ಕಡೆ ನೋಡುತ್ತಾ ಕೂತಿರುತ್ತಿದ್ದೆ.

ವಾಯಿದೆಗೆ ಇನ್ನೇನು ಎರಡು ದಿನವಿದೆ ಅನ್ನುವಾಗ ಕೌಂಟರಿನ ಮುಂದೆ ಗದ್ದಲವಾಯಿತು. ಗುಬ್ಬಚ್ಚಿಯಷ್ಟು ಪುಟ್ಟ ಅಜ್ಜಿಯೊಬ್ಬರು ಜನರನ್ನು ಸರಿಸಿಕೊಂಡು ಬರುತ್ತಿದ್ದರು. ಹಿಂದೆ ಗೋವಿಂದಪ್ಪ, "ಅಮ್ಮಾ, ನಿಧಾನ ಅಮ್ಮಾ" ಅನ್ನುತ್ತಾ.

"ಯಾರಮ್ಮಾ ನನ್ನ ಕೇಸು ಹುಡುಕ್ದೋಳು?"

"ನಾನೇ ಅಮ್ಮ."

"ಒಳ್ಳೇ ಕೆಲಸ ಮಾಡ್ದೆ. ಇವನು ಮನೇಲಿ ನನ್ನ ಜೊತೆ ಮಾತು ಬಿಟ್ಟಿದಾನೆ. ಅಪ್ಪನ ಮೇಲೆ ಕೇಸ್ ಹಾಕ್ಸಿದ್ಯಂತೆ, ಯಾಕೆ ಹೇಳ್ಲಿಲ್ಲ ಅಂತ. ಎಲ್ಲಿ ಹೆಬ್ಬೆಟ್ಟು ಒತ್ಬೇಕು ತೋರ್ಸು. ಅವತ್ತೂ ನಾನೇ ಒತ್ತಿದ್ದು."

ಕುರ್ಚಿ ತರಿಸಿ ಕೂರಿಸಿದೆ. ರುದ್ರಯ್ಯ ನೀರು ತಂದುಕೊಟ್ಟ. ಅವರು ನೀರು ಕುಡಿದು, ನನಗೆ ಹೇಳುತ್ತಿರುವಂತೆ, ಆದರೆ ಹಿಂದೆ ನಿಂತ ಮಗನಿಗೆ ಕೇಳಿಸುವಂತೆ ಶುರುಮಾಡಿದರು.

"ಕುದುರೆ ಹುಚ್ಚು ಕಣಮ್ಮ ನಮ್ಮ ಯಜಮಾನ್ರಿಗೆ. ರೇಸು ಅಂದ್ರೆ ಊಟ ಬೇಡ, ನಿದ್ದೆ ಬೇಡ. ಬೇರೆ ಒಂದು ಕೆಟ್ಟ ಗುಣ ಇರ್ಲಿಲ್ಲ. ಮನೆ ಬರೆದುಕೊಟ್ಟಿದ್ದು ನಂಗೆ ಗೊತ್ತಾಗಿದ್ದು ಸಾಹುಕಾರ ಬೀಗ ತಗೊಂಡು ಬಂದಾಗ್ಲೇ. ಇವನು ನನ್ನ ಕಂಕುಳಲ್ಲಿ. ನಮ್ಮಪ್ಪ ಯಾರೋ ವಕೀಲರ ಹತ್ರ ಕರ್ಕೊಂಡ್ ಹೋದ್ರು. ‘ಮಗೂ ಹೆಸರಲ್ಲಿ ಹಾಕಿ ತಾಯಿ, ಗಂಡನ್ನೂ ಸೇರಿಸ್ಬೇಕು’ ಅಂದ್ರು. ಹಾಕ್ದೆ. ಕೋರ್ಟಲ್ಲಿ ಸಾಹುಕಾರನ ವಕೀಲ ಇವರನ್ನ ಕಟಕಟೇಲಿ ನಿಲ್ಸಿ ಕೇಳ್ದ, ‘ಮನೆಯೋರ ಕಾಯಿಲೆಗೆ, ಸಂಸಾರಕ್ಕೆ ಅಂತ ತಾನೇ ದುಡ್ಡು ತಗೊಂಡಿದ್ದು?’ ಹೂಂ ಅನ್ಲಿ ಅಂತ ಕಾಯ್ತಿದ್ದ. ಮಾವಳ್ಳಿ ಜನ ಎಲ್ಲಾ ಬಂದಿತ್ತು ನೋಡೋಕೆ. ಹೂಂ ಅಂದಿದ್ರೆ ಇವರ ಮಾನ ಉಳೀತಿತ್ತು, ಮನೆ ಹೋಗ್ತಿತ್ತು."

ಕಟ್ಟಿನಲ್ಲಿ ಸಾಕ್ಷಿಗಳ ಹೇಳಿಕೆಗಳು ಉಳಿದಿರಲಿಲ್ಲ. ಆ ದಿನ ಕಟಕಟೆಯಲ್ಲಿ ಏನು ನಡೆಯಿತು ಎಂದು ಕಣ್ಣಾರೆ ಕಂಡವರು ಈಗ ಇವರೊಬ್ಬರೇ.

"ಅವರು ಒಂದ್ಸಲ ಇವನ ಕಡೆ ನೋಡಿದ್ರು. ‘ಇಲ್ಲ ಸ್ವಾಮಿ, ಮನೆಗೆ ಒಂದು ಕಾಳು ಅಕ್ಕಿ ತಂದಿಲ್ಲ. ಅಷ್ಟನ್ನೂ ಕುದುರೆ ಬಾಲಕ್ಕೆ ಕಟ್ಟಿದೆ’ ಅಂದ್ಬಿಟ್ರು. ಜನ ಗೊಳ್ ಅಂತ ನಕ್ಕಿತು. ಇವರು ತಲೆ ಎತ್ತಲಿಲ್ಲ."

"ಆಮೇಲೆ?" ಅಂದೆ.

"ಆಮೇಲೇನು! ಗೆದ್ದೋರು, ಸೋತೋರು ಎಲ್ಲಾ ಒಂದೇ ಜಟಕಾ ಹತ್ತಿ ಮನೆಗೆ ಹೋದ್ವಿ. ಸಾಯೋವರೆಗೂ ರೇಸಿನ ಕಡೆ ತಿರುಗಿ ನೋಡ್ಲಿಲ್ಲ ಅವರು."

"ನಂಗ್ಯಾಕಮ್ಮ ಹೇಳ್ಲಿಲ್ಲ?" ಗೋವಿಂದಪ್ಪ ಹಿಂದಿನಿಂದ ಕೇಳಿದರು.

ಗಂಗಮ್ಮ ಈಗ ಮಗನ ಕಡೆ ತಿರುಗಿದರು. "ಊರೆಲ್ಲಾ ಕೇಳಿ ನಕ್ಕಿತ್ತಲ್ಲೋ. ನೀನೊಬ್ಬನಾದ್ರೂ ಕೇಳಿಸ್ಕೊಳ್ದೆ ಬೆಳೀಲಿ ಅಂತ."

ರುದ್ರಯ್ಯ ಕಿಟಕಿಯ ಕಡೆ ತಿರುಗಿ ನಿಂತ. ನಾನು ಅತ್ತೆ, ಮುಚ್ಚುಮರೆಯೇನು. ಅಜ್ಜಿ ಹೆಬ್ಬೆಟ್ಟು ಚಾಚಿ ಮಸಿ ಡಬ್ಬಿಗೆ ಹುಡುಕುತ್ತಿದ್ದರು. ಗೋವಿಂದಪ್ಪ ಆ ಕೈಯನ್ನು ಮೆಲ್ಲಗೆ ಮಡಿಸಿ ಅವರ ಮಡಿಲಲ್ಲಿಟ್ಟು, "ಬೇಡಮ್ಮ, ನಾನೇ ಬರೀತೀನಿ" ಅಂದರು. ನನ್ನ ಪೆನ್ನು ಇಸಿದುಕೊಂಡು, ಕೌಂಟರಿನ ಮೇಲೆ ಬಗ್ಗಿ, ಒಂದೊಂದೇ ಅಕ್ಷರ ಒತ್ತಿ ಬರೆದರು. ಪ್ರತಿವಾದಿಯ ಜಾಗದಲ್ಲಿ ಶ್ರೀ ಮುನಿಯಪ್ಪನವರು ಎಂದು ಬರೆದಿದ್ದರು. ಕಾಪಿ ಅರ್ಜಿಯಲ್ಲ, ಮದುವೆಯ ಲಗ್ನಪತ್ರಿಕೆ ಅನ್ನಬೇಕು. ಇಷ್ಟು ಮರ್ಯಾದೆ ಪಡೆದ ಪ್ರತಿವಾದಿಯನ್ನು ನನ್ನ ಸರ್ವಿಸಿನಲ್ಲಿ ನಾನು ಕಂಡಿಲ್ಲ.

ತುರ್ತು ಅರ್ಜಿ ಅಂತ ಮಾಡಿಸಿ, ಹೋಲಿಕೆಗೆ ನಾನೇ ಕೂತು, ಮೊಹರಿನ ಮೇಲೆ ಮೊಹರು ಬಿದ್ದು ಅಕ್ಷರ ಮುಚ್ಚದ ಹಾಗೆ ನಾನೇ ಒತ್ತಿ, ಮಾರನೇ ದಿನ ಸಂಜೆಗೆ ನಕಲು ಅವರ ಕೈಗೆ ಕೊಟ್ಟೆ. ಮನೆ ಉಳಿಯಿತು. ಬಿಲ್ಡರ್ ಕಡೆಯ ಲಾಯರು ಅದನ್ನು ಓದಿದ ಮೇಲೆ ವಾದದ ಬಿಸಿ ಇಳಿಯಿತು, ಕೆಲವು ತಿಂಗಳಲ್ಲಿ ಕೇಸು ವಜಾ ಆಯಿತು. ಆದರೆ ನಾನು ಹೇಳಬೇಕೆಂದಿರುವುದು ನಕಲು ಹಾಜರುಪಡಿಸಿದ ದಿನದ ಸಂಗತಿ.

ಆವತ್ತು ಅರ್ಧ ಗಂಟೆ ಪರ್ಮಿಷನ್ ತೆಗೆದುಕೊಂಡು, ಆ ಕೋರ್ಟ್ ಹಾಲಿನ ಕೊನೆಯ ಬೆಂಚಿನಲ್ಲಿ ಹೋಗಿ ಕೂತೆ. ನ್ಯಾಯಾಧೀಶರು ನಕಲನ್ನು ಮೊದಲಿಂದ ಕೊನೆಯವರೆಗೆ ಓದಿದರು. ತಲೆಯೆತ್ತಿ, "ಈ ಅಪ್ರಾಪ್ತ ವಾದಿ ಈಗ ಬದುಕಿದಾರಾ?" ಅಂತ ಕೇಳಿದರು.

ಬಿಳಿ ಮೀಸೆಯ ಗೋವಿಂದಪ್ಪ ಎದ್ದು ನಿಂತು ಕೈಮುಗಿದರು. "ನಾನೇ ಸ್ವಾಮಿ, ಆ ಮಗು."

ಹಾಲಿನಲ್ಲಿ ನಗು ಎದ್ದಿತು. ನ್ಯಾಯಾಧೀಶರೂ ನಕ್ಕರು, ಮತ್ತೆ ಪುಟ ತಿರುಗಿಸಿ ಕೇಳಿದರು, "ಈ ಒಂದನೇ ಪ್ರತಿವಾದಿ ನಿಮಗೇನಾಗ್ಬೇಕು?"

"ನಮ್ಮಪ್ಪ ಸ್ವಾಮಿ" ಅಂದರು ಗೋವಿಂದಪ್ಪ. ಆಮೇಲೆ, ತರಕಾರಿ ಕೂಗುವಾಗಿನ ತಮ್ಮ ಜೋರು ದನಿಯಲ್ಲಿ, ಕೊನೆಯ ಬೆಂಚಿನವರೆಗೆ ಕೇಳಿಸುವಂತೆ ಹೇಳಿದರು.

"ನನ್ನ ಪರವಾಗಿ ಸಾಕ್ಷಿ ಹೇಳಿದ್ರು."